ಹಿತ್ತಿಲ ಗೇಟಿನಲ್ಲಿ ಮುಖ ಕಾಣದ ಕಳ್ಳ

ಕ್ಯಾಮೆರಾ ಕೂರಿಸುವುದು ದೊಡ್ಡ ವಿಷಯವಲ್ಲ. ಏಣಿ, ಡ್ರಿಲ್ಲು, ಒಂದಿಷ್ಟು ಕೇಬಲ್ಲು ಇದ್ದರೆ ಯಾರು ಬೇಕಾದರೂ ಕೂರಿಸಬಹುದು. ಕಷ್ಟ ಇರುವುದು ಅದಕ್ಕೆ ಎಷ್ಟು ಬೆಳಕು ಕುಡಿಸಬೇಕು ಅನ್ನುವುದರಲ್ಲಿ. ಜಾಸ್ತಿ ಕುಡಿಸಿದರೆ ಮನುಷ್ಯನ ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆ. ಕಮ್ಮಿಯಾದರೆ ಇದ್ದಿಲು. ಇದಕ್ಕೆ ಎಕ್ಸ್‌ಪೋಶರ್ ಅಂತ ಹೆಸರು. ನನ್ನ ಅರ್ಧ ಆಯುಷ್ಯ ಅದನ್ನು ಹೆಚ್ಚು ಕಮ್ಮಿ ಮಾಡುವುದರಲ್ಲೇ ಹೋಯಿತು. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗೆ ಟ್ರೈನಿಂಗಿನಲ್ಲಿ ಎಲ್ಲವನ್ನೂ ಹೇಳಿಕೊಡುತ್ತಾರಂತೆ. ಗಿರಾಕಿಗಳ ವಿಷಯ ಮಾತ್ರ ಹೇಳಿಕೊಡುವುದಿಲ್ಲ ಅಂತ ಕೇಳಿದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಸುಶೀಲಾ, ಮನೆ ರಾಜಗೋಪಾಲನಗರ. ಮೊದಲು ಜಾಲಹಳ್ಳಿ ಕಡೆ ಟಿ.ವಿ. ಜೋಡಿಸುವ ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕುತ್ತಿದ್ದೆ. ಅದು ಮುಚ್ಚಿದ ಮೇಲೆ ಪೀಣ್ಯದ ಒಂದು ಸಣ್ಣ ಕ್ಯಾಮೆರಾ ಕಂಪನಿಗೆ ಸೇರಿ, ಅಲ್ಲೇ ನಿವೃತ್ತಳಾದೆ. ಸೀರೆ ಬಿಟ್ಟು ಚೂಡಿದಾರಕ್ಕೆ ಬಂದಿದ್ದೇ ಏಣಿ ಹತ್ತುವುದಕ್ಕೆ. ಬೆಲ್ ಮಾಡಿದರೆ ಬಾಗಿಲು ತೆಗೆದವರು ನನ್ನನ್ನು ನೋಡಿ, ಆಮೇಲೆ ನನ್ನ ಹಿಂದೆ ನೋಡೋರು. “ಟೆಕ್ನಿಷಿಯನ್ ಎಲ್ಲಿ ಮೇಡಂ?” ಅನ್ನೋರು. “ಬಂದಿದಾರೆ” ಅಂತ ನಾನು ಏಣಿಯನ್ನು ಒಳಗೆ ತಳ್ಳುತ್ತಿದ್ದೆ.

ನಮ್ಮ ಕಂಪನಿಯ ಯಜಮಾನರು ಗಿರಿಧರ್ ಸಾರ್. ಒಳ್ಳೆಯವರು. ಆದರೆ ಅವರಿಗೆ ಗೊತ್ತಿದ್ದ ಔಷಧಿ ಒಂದೇ: “ಬ್ರೈಟ್ ಮಾಡಿ.” ಯಾವ ಗಿರಾಕಿಯ ಯಾವ ರೋಗಕ್ಕೂ ಅದೇ ಮಾತ್ರೆ.

ಆಗಿನ ಹಳೇ ಕ್ಯಾಮೆರಾಗಳಿಗೆ ಲೆನ್ಸಿನ ಪಕ್ಕ ಒಂದು ಸಣ್ಣ ತಿರುಪು ಇರುತ್ತಿತ್ತು. ಸ್ಕ್ರೂಡ್ರೈವರ್‌ನಿಂದ ತಿರುಗಿಸಿದರೆ ಬೆಳಕು ಹೆಚ್ಚು ಕಮ್ಮಿ ಆಗುತ್ತಿತ್ತು. ನಾನು ಏಣಿಯ ಮೇಲೆ, ಟಿ.ವಿ. ಒಳಗಿನ ರೂಮಿನಲ್ಲಿ, ಅದರ ಮುಂದೆ ಗಿರಿಧರ್ ಸಾರ್. ಅವರು ಒಳಗಿಂದ “ಇನ್ನೂ, ಇನ್ನೂ, ಸಾಕು!” ಅಂತ ಕೂಗಬೇಕು, ನಾನು ತಿರುಗಿಸಬೇಕು. ಒಂದು ಸಲ ಅವರು ಹೇಳಿದ ಹಾಗೇ ನಿಧಾನವಾಗಿ ತಿರುಗಿಸಿ, “ಸಾಕು” ಅಂದ ತಕ್ಷಣ ನಿಲ್ಲಿಸಿ ಕೆಳಗಿಳಿದೆ. ನೋಡಿದರೆ ಗಿರಿಧರ್ ಸಾರ್ ಇನ್ನೂ ಟಿ.ವಿ.ಗೆ ವೈರು ಸಿಕ್ಕಿಸುತ್ತಾ ಇದ್ದರು. ಕೂಗಿದ್ದು ಪಕ್ಕದ ಗೇಟಿನಲ್ಲಿ ಟೆಂಪೋ ರಿವರ್ಸ್ ತೆಗೆಸುತ್ತಿದ್ದ ಕ್ಲೀನರ್ರು. ಟಿ.ವಿ. ಹಾಕಿದರೆ ಚಿತ್ರ ಕನ್ನಡಿಯ ಹಾಗಿತ್ತು. “ನೋಡ್ದ್ಯಾ ಸುಶೀಲಾ, ಕೈ ಪಳಗ್ತು ನಿಂದು” ಅಂದರು ಸಾರ್. ನಾನು ಏಣಿ ಮಡಚಿದೆ.

ಆಮೇಲೆ ನೆಟ್‌ವರ್ಕ್ ಕ್ಯಾಮೆರಾ ಬಂತು. ತಿರುಪು ಹೋಯಿತು, ಎಲ್ಲಾ ಫೋನಿನಲ್ಲೇ. ಕೂಗುವ ಕಷ್ಟ ತಪ್ಪಿತು, ಹೊಸ ಕಷ್ಟಗಳು ಬಂದವು. ಪೀಣ್ಯದಲ್ಲಿ ಒಬ್ಬ ಫ್ಯಾಕ್ಟರಿ ಓನರಿಗೆ ಗೋಡೌನು ಬೆಳ್ಳಗೆ ಕಾಣಬೇಕಿತ್ತು, ಆದರೆ ಇನ್ನೊಂದು ಬಲ್ಬು ಹಾಕಿಸಲು ಮನಸ್ಸಿಲ್ಲ. “ಬ್ರೈಟ್ ಮಾಡಿ” ಅಂದರು ಗಿರಿಧರ್ ಸಾರ್. ಕ್ಯಾಮೆರಾ ಕಣ್ಣು ತೆರೆದಿರುವ ಹೊತ್ತನ್ನು, ಅಂದರೆ ಶಟರನ್ನು, ಅದು ಕೊಡುವಷ್ಟೂ ನಿಧಾನ ಮಾಡಿದೆ. ಗೋಡೌನು ಮದುವೆ ಮಂಟಪದ ಹಾಗೆ ಬೆಳಗಿತು. ಮಾರನೆಯ ದಿನ ಓನರ್ ಫೋನು ಮಾಡಿ ಪಿಸುಗುಟ್ಟಿದರು: “ಮೇಡಂ, ಗೋಡೌನಲ್ಲಿ ಏನೋ ಓಡಾಡ್ತಿದೆ. ಹೊಗೆ ಥರಾ ಇದೆ. ತುಂಬಾ ಕಾಲಿದಾವೆ.”

ಹೋಗಿ ನೋಡಿದೆ. ಸಂಜೆ ಪಾಳಿಯ ಪ್ಯಾಕಿಂಗ್ ಮೇಸ್ತ್ರಿ ಟೀ ಕುಡಿಯಲು ಹೋಗುತ್ತಿದ್ದ, ಅಷ್ಟೇ. ಶಟರ್ ನಿಧಾನವಾದರೆ ನಡೆಯುವ ಮನುಷ್ಯ ಚಿತ್ರದಲ್ಲಿ ಕಲಸಿಹೋಗುತ್ತಾನೆ ಅಂತ ವಿವರಿಸಿದೆ, ಸರಿಯೂ ಮಾಡಿದೆ. ಓನರ್ ತಲೆಯಾಡಿಸಿ, “ಅರ್ಥ ಆಯ್ತು ಮೇಡಂ. ಆದ್ರೆ ಪೂಜಾರಪ್ಪಂಗೆ ಹೇಳ್ಬಿಟ್ಟಿದೀನಿ, ಈಗ ಬೇಡ ಅಂದ್ರೆ ಚೆನ್ನಾಗಿರಲ್ಲ” ಅಂದರು. ಪೂಜೆ ನಡೆಯಿತು. ಎರಡು ದಿನ ಬಿಟ್ಟು ಮತ್ತೆ ಫೋನು: “ಮೇಡಂ, ಈಗ ಗೋಡೌನೆಲ್ಲಾ ರಕ್ತ!” ಪೂಜಾರಪ್ಪ ಕ್ಯಾಮೆರಾಗೂ ಕುಂಕುಮ ಇಟ್ಟಿದ್ದರು, ಸರಿಯಾಗಿ ಗಾಜಿನ ನಡುಮಧ್ಯೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಂದೆ. ಪ್ರಸಾದ ಚೆನ್ನಾಗಿತ್ತು.

ಎಲೆಕ್ಟ್ರಾನಿಕ್ ಸಿಟಿಯ ಒಂದು ಆಫೀಸಿನಲ್ಲಿ ಸೆಕ್ಯುರಿಟಿ ಮುಖ್ಯಸ್ಥರಿದ್ದರು. ಮಿಲಿಟರಿಯಿಂದ ಬಂದವರು, ಮೀಸೆಯೇ ಸೆಲ್ಯೂಟ್ ಹೊಡೆಯುವ ಹಾಗಿತ್ತು. ಅವರ ಸ್ಕ್ರೀನುಗಳಲ್ಲೆಲ್ಲಾ ಕಪ್ಪು ಪಟ್ಟೆಗಳು ಕೆಳಗಿಂದ ಮೇಲೆ ಹರಿಯುತ್ತಿದ್ದವು. “ಸೈಬರ್ ಅಟ್ಯಾಕ್” ಅಂತ ತೀರ್ಮಾನ ಮಾಡಿ ಲಿಫ್ಟ್ ನಿಲ್ಲಿಸಿಬಿಟ್ಟಿದ್ದರು. ನಾನು ಏಣಿ ಹೊತ್ತುಕೊಂಡು ಮೆಟ್ಟಿಲು ಹತ್ತಿ ಹೋದೆ. ಕ್ಯಾಮೆರಾದ ಸೆಟ್ಟಿಂಗು ಬೇರೆ ದೇಶದ ಕರೆಂಟಿಗೆ ಇತ್ತು, ಅದಕ್ಕೂ ನಮ್ಮ ಟ್ಯೂಬ್‌ಲೈಟಿಗೂ ತಾಳ ಕೂಡುತ್ತಿರಲಿಲ್ಲ. ನಮ್ಮ ದೇಶದ್ದಕ್ಕೆ ಬದಲಾಯಿಸಿದೆ, ಪಟ್ಟೆ ಮಾಯ. “ಶತ್ರು ಯಾರು?” ಅಂದರು. “ಟ್ಯೂಬ್‌ಲೈಟು ಸಾರ್” ಅಂದೆ. ಸ್ವಲ್ಪ ಯೋಚಿಸಿ, ವರದಿಯಲ್ಲಿ ‘ದಾಳಿಯನ್ನು ಹಿಮ್ಮೆಟ್ಟಿಸಲಾಗಿದೆ’ ಅಂತಲೇ ಬರೆಸಿದರು. ಇಳಿಯುವಾಗ ನನಗೆ ಲಿಫ್ಟು ಸಿಕ್ಕಿತು.

ಇವೆಲ್ಲಾ ನೆನೆಸಿಕೊಂಡರೆ ನಗು ಬರುತ್ತದೆ. ಆದರೆ ಮನಸ್ಸಿನಲ್ಲಿ ಕೂತುಬಿಟ್ಟಿರುವುದು ಮುನಿರಾಜಪ್ಪನವರ ಹಿತ್ತಿಲ ಗೇಟು. ನಾನು ನಿವೃತ್ತಿಯಾಗುವ ಸ್ವಲ್ಪ ಮುಂಚಿನ ಮಾತು.

ಬ್ರೂಕ್‌ಫೀಲ್ಡ್ ಹಿಂದುಗಡೆಯ ಹಳೇ ಊರಿನವರು ಅವರು. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಹುಡುಗರನ್ನು ಬಾಡಿಗೆಗೆ ಇರಿಸಿಕೊಳ್ಳುವ ಪಿ.ಜಿ. ಕಟ್ಟಡ ಎದ್ದಿತ್ತು, ಮಹಡಿಯಲ್ಲಿ ಅವರ ಮನೆ. ಅದರ ಪಕ್ಕದಲ್ಲೇ ಅಷ್ಟೇ ಎತ್ತರದ ಇನ್ನೊಂದು ಕಟ್ಟಡ ಅವರ ಅಣ್ಣ ನಾರಾಯಣಪ್ಪನವರದು. ಎರಡರ ಮಧ್ಯೆ ಒಂದು ಸ್ಕೂಟರ್ ಹೋಗುವಷ್ಟು ಓಣಿ. ಆ ಓಣಿ ಯಾರದು ಅನ್ನುವುದರ ಮೇಲೆ ಅಣ್ಣತಮ್ಮಂದಿರಿಗೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅಣ್ಣ ತಮ್ಮನ ಮನೆ ಕಡೆ ಒಂದು ಕ್ಯಾಮೆರಾ ತಿರುಗಿಸಿ ಇಟ್ಟಿದ್ದರು. ತಮ್ಮ ಅಣ್ಣನ ಕಡೆ ಒಂದು ಇಟ್ಟಿದ್ದರು. ಕತ್ತಲಾದರೆ ಎರಡೂ ಕ್ಯಾಮೆರಾಗಳ ದೀಪ ಒಂದರ ಕಣ್ಣಿಗೊಂದು ಹೊಡೆದು, ಇಬ್ಬರ ಸ್ಕ್ರೀನಿನಲ್ಲೂ ಬಿಳೀ ಉಂಡೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಇಬ್ಬರೂ ತೆಗೆಸಲಿಲ್ಲ.

ನನ್ನನ್ನು ಕರೆಸಿದ್ದು ಆ ಕ್ಯಾಮೆರಾಕ್ಕಲ್ಲ, ಹಿತ್ತಿಲ ಗೇಟಿನದಕ್ಕೆ. ಹಿತ್ತಿಲಲ್ಲಿ ಅವರಪ್ಪ ನೆಟ್ಟ ತೆಂಗಿನಮರಗಳಿದ್ದವು. ಇಳಿಸಿಟ್ಟ ಕಾಯಿ ದಿನಾ ಒಂದೊಂದೇ ಕಡಿಮೆಯಾಗುತ್ತಿದ್ದವಂತೆ. ಮುನಿರಾಜಪ್ಪ ತಮ್ಮ ಫೋನಿನಲ್ಲಿ ರೆಕಾರ್ಡಿಂಗ್ ತೋರಿಸಿದರು. ಬೆಳಗಿನ ಹೊತ್ತು, ಗೇಟಿನಾಚೆ ಸೂರ್ಯ ಹುಟ್ಟುತ್ತಿದ್ದಾನೆ. ಉದ್ದನೆ ಜರ್ಕಿನ್ ಹಾಕಿ ತಲೆಗೆ ಟವೆಲ್ ಸುತ್ತಿದ ಒಂದು ಆಕಾರ, ಕೈಯಲ್ಲಿ ಚೀಲ ಹಿಡಿದು ಗೇಟಿನ ಹತ್ತಿರ ಹೋಗುತ್ತದೆ. ಯಾರಾದರೂ ನೋಡುತ್ತಿದ್ದಾರಾ ಅಂತ ಹಿಂದೆ ತಿರುಗುತ್ತದೆ. ಮುಖ ಇರಬೇಕಾದ ಕಡೆ ಬರೀ ಮಸಿ.

“ನೋಡಮ್ಮಾ, ಸರಿಯಾಗಿ ಕ್ಯಾಮೆರಾ ಕಡೀಕೇ ತಿರುಗ್ತಾನೆ. ಆದ್ರೂ ಮಕ ಕಾಣಾಕಿಲ್ಲ. ಇದೇನು ಕ್ಯಾಮೆರಾನೋ ಇಲ್ಲ ಕಳ್ಳನ ಕಡೆಯೋನೋ?”

“ಬಿಸಿಲು ಹಿಂದಿಂದ ಹೊಡೆಯುತ್ತೆ ಸಾರ್. ಆಕಾಶ ಜಾಸ್ತಿ ಬೆಳಗಿದೆ ಅಂತ ಕ್ಯಾಮೆರಾ ಎಲ್ಲಾನೂ ಕಪ್ಪು ಮಾಡ್ಬಿಡುತ್ತೆ. ಸರಿ ಮಾಡ್ತೀನಿ.”

“ಮಾಡಮ್ಮ. ಯಾರು ಅಂತ ನಂಗೊತ್ತು. ಆದ್ರೂ ಸಾಕ್ಷಿ ಬೇಕು.” ದನಿ ತಗ್ಗಿಸಿ ವಾಚ್‌ಮನ್ ಬೀರಪ್ಪನ ಕಡೆ ಗಲ್ಲ ಎತ್ತಿ ತೋರಿಸಿದರು. “ಅವ್ನೂ ಇಂಗೇ ಟವಲ್ ಸುತ್ಕಂತಾನೆ. ಈ ವಾರದೊಳಗೆ ಬೇರೆಯೋರು ಅಂತ ಗೊತ್ತಾಗ್ದಿದ್ರೆ ಗಂಟು ಕಟ್ಟು ಅಂತ ಯೋಳ್ಬುಟ್ಟಿವ್ನಿ.”

ಬೀರಪ್ಪ ರಾಯಚೂರು ಕಡೆಯವನು. ಹೆಂಡತಿಯ ಜೊತೆ ಮೆಟ್ಟಿಲ ಕೆಳಗಿನ ರೂಮಿನಲ್ಲಿ ಸಂಸಾರ. ನಾನು ಏಣಿ ಹಾಕುವಾಗ ಹಿಡಿದುಕೊಳ್ಳಲು ಬಂದ. “ಯಾರಪ್ಪಾ ಅದು? ನೀನಂತೂ ನೋಡಿರ್ಬೇಕಲ್ಲ” ಅಂದೆ.

“ಇಲ್ರಿ ಅಕ್ಕಾರ. ಆ ಹೊತ್ತಿಗೆ ನನ್ನ ಕಣ್ಣಿಗೂ ಬಿಸಿಲು ಹೊಡಿತೈತ್ರಿ” ಅಂದ, ಆಕಾಶ ನೋಡುತ್ತಾ.

ಫೋನಿನಲ್ಲಿ ಕ್ಯಾಮೆರಾ ತೆರೆದು ನೋಡಿದೆ. ಚಿತ್ರ ಫಸ್ಟ್‌ಕ್ಲಾಸಾಗಿತ್ತು. ಬೀರಪ್ಪನ ಅಂಗಿಯ ಗುಂಡಿ ಕೂಡ ಕಾಣುತ್ತಿತ್ತು. ರಾಜಗೋಪಾಲನಗರದಿಂದ ನಾನು ಅಲ್ಲಿ ತಲುಪುವ ಹೊತ್ತಿಗೆ ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ. ರೋಗ ಇಲ್ಲದ ಹೊತ್ತಿನಲ್ಲಿ ಔಷಧಿ ಕೊಡುವುದು ಹೇಗೆ? ಏನೋ ಅಂದಾಜಿನ ಮೇಲೆ ಬದಲಾಯಿಸಿ ಬಂದೆ. ಮಾರನೆಯ ಬೆಳಿಗ್ಗೆ ಮಸಿ ಮತ್ತೆ ಬಂತು. ಗಿರಿಧರ್ ಸಾರ್ ಯಥಾಪ್ರಕಾರ, “ಬ್ರೈಟ್ ಮಾಡ್ಬೇಕಿತ್ತು” ಅಂದರು. ಪೀಣ್ಯದಲ್ಲೇ ಕೂತು ಫೋನಿನಲ್ಲಿ ಸರಿಮಾಡೋಣ ಅಂದರೆ ಮುನಿರಾಜಪ್ಪ ಪಾಸ್‌ವರ್ಡ್ ಕೊಡಲು ತಯಾರಿಲ್ಲ. “ಅದು ನಮ್ಮಣ್ಣನ ಕಡೆಯೋರಿಗೆ ಸಿಕ್ಬುಟ್ರೆ?” ಅನ್ನೋರು. ನಾನೇ ಹೋದರೂ ಬೆನ್ನು ತಿರುಗಿಸಿ ನಿಂತು, ನನ್ನ ಫೋನಿನಲ್ಲಿ ತಾವೇ ಒತ್ತಿ ಕೊಡೋರು.

ಎರಡನೆಯ ಸಲ ಬೇಗ ಹೊರಟೆ. ಬಿಸಿಲು ಇನ್ನೂ ಗೇಟಿನಾಚೆಯೇ ಇತ್ತು. ಆದರೆ ಬಾಗಿಲಲ್ಲೇ ಮುನಿರಾಜಪ್ಪನವರ ಹೆಂಡತಿ ಜಯಮ್ಮ ನನ್ನ ಕೈ ಹಿಡಿದುಕೊಂಡರು. “ಅಷ್ಟು ದೂರದಿಂದ ಬಂದಿದೀರಾ ಅಕ್ಕಾ, ತಿಂಡಿ ತಿನ್ದೆ ಏಣಿ ಹತ್ತೋದುಂಟಾ?” ಅಂತ ಅಡುಗೆಮನೆಗೆ ಎಳೆದುಕೊಂಡು ಹೋದರು. ಅಕ್ಕಿರೊಟ್ಟಿ ಹಾಕಿದರು. ಬೆಣ್ಣೆ ಹಾಕಿದರು. ಇನ್ನೊಂದು ಹಾಕಿದರು. ಕಾಫಿ ಕೊಟ್ಟು, ನನ್ನ ಮೊಣಕಾಲು ನೋವಿಗೆ ಎಣ್ಣೆ ಯಾವುದು, ನನ್ನ ಅತ್ತೆ ಯಾವ ಊರಿನವರು ಅಂತ ಎಲ್ಲಾ ವಿಚಾರಿಸಿದರು. ಇಷ್ಟು ವರ್ಷದ ಸರ್ವೀಸಿನಲ್ಲಿ ನನಗೆ ಯಾರೂ ಅಷ್ಟು ಮರ್ಯಾದೆ ಮಾಡಿರಲಿಲ್ಲ. ತೇಗುತ್ತಾ ಹಿತ್ತಿಲಿಗೆ ಬಂದು ನೋಡಿದರೆ ಸೂರ್ಯ ಆಗಲೇ ಕಟ್ಟಡದ ಮೇಲೆ. ಚಿತ್ರ ಫಸ್ಟ್‌ಕ್ಲಾಸು.

ಮುನಿರಾಜಪ್ಪ ಹಣೆ ಚಚ್ಚಿಕೊಂಡರು. “ನೀನು ಬಂದಾಗೆಲ್ಲಾ ಸಂದಾಗಿರ್ತದೆ, ಓದ್ಮೇಲೆ ಕೆಡ್ತದೆ. ನಿನ್ನನ್ನೇ ಅಲ್ಲಿ ನೇತಾಕ್ಬೇಕು ಅಷ್ಟೇ!”

ಬೀರಪ್ಪನ ಹೆಂಡತಿ ಮೆಟ್ಟಿಲ ಕೆಳಗೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ನನ್ನ ಮುಖ ನೋಡಲಿಲ್ಲ. 

ಮೂರನೆಯ ಸಲ ಮೊದಲ ಮೆಟ್ರೋ ಹಿಡಿದೆ. ಮುನಿರಾಜಪ್ಪನವರಿಗೆ ಮಾತ್ರ ಫೋನು ಮಾಡಿದೆ. ಅವರು ಸದ್ದಿಲ್ಲದೆ ಕೆಳಗೆ ಬಂದು ಪಾಸ್‌ವರ್ಡ್ ಒತ್ತಿ, “ಜಯಂಗೆ ಯೋಳ್ಬ್ಯಾಡ, ಮತ್ತೆ ರೊಟ್ಟಿಗೆ ಕೂರುಸ್ಕಂತಾಳೆ. ನಾನು ಸ್ನಾನ ಮಾಡಿ ದೇವ್ರಿಗೆ ಕೈ ಮುಗಿದು ಕೂತಿರ್ತೀನಿ. ಸರಿ ಆದ್ಮೇಲೆ ಫೋನ್ ಮಾಡು, ಮೇಲಿಂದ್ಲೇ ನೋಡ್ತೀನಿ” ಅಂತ ಹೊರಟುಹೋದರು.

ನಾನು ಅವರದೇ ಏಣಿಯನ್ನು ಮನೆಯ ಗೋಡೆಗೆ ಹಾಕಿ ಕ್ಯಾಮೆರಾದ ಪಕ್ಕದಲ್ಲೇ ನಿಂತೆ. ಎದುರಿಗೆ ಗೇಟು, ಅದರಾಚೆ ಕೆಂಡದಂಥ ಸೂರ್ಯ. ಫೋನಿನಲ್ಲಿ ಗೇಟು, ಗಿಡ, ಬೀರಪ್ಪ ಎಲ್ಲಾ ಮಸಿ. ಕೊನೆಗೂ ರೋಗ ಕೈಗೆ ಸಿಕ್ಕಿತು. ಬೆಳಕಿಗೊಂದು ನೆರಳಿಗೊಂದು ಚಿತ್ರ ತೆಗೆದು ಎರಡನ್ನೂ ಬೆಸೆಯುವ ಸೆಟ್ಟಿಂಗ್ ಹಾಕಿದೆ. ಆಮೇಲೆ ಗೇಟಿನ ಹತ್ತಿರ ಮುಖ ಬರುವ ಕಡೆ ಒಂದು ಚೌಕ ಎಳೆದೆ. ಆಕಾಶ ಏನಾದರೂ ಆಗಲಿ, ಈ ಚೌಕದ ಬೆಳಕನ್ನಷ್ಟೇ ನೋಡು ಅಂತ ಕ್ಯಾಮೆರಾಗೆ ಹೇಳಿದ ಹಾಗೆ. ಆಕಾಶ ಬೆಳ್ಳಗೆ ಬಿಳುಚಿಕೊಂಡಿತು. ಗೇಟಿನ ಕಂಬಿಯ ತುಕ್ಕು ಕೂಡ ಕಾಣಿಸಿತು.

ಅಷ್ಟರಲ್ಲಿ ಏಣಿಯ ಕೆಳಗೇ ಯಾರೋ ಸರಸರ ನಡೆದುಹೋದರು. ಜರ್ಕಿನ್ನು, ಟವೆಲ್ಲು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸ್ಟೀಲಿನ ಟಿಫನ್ ಕ್ಯಾರಿಯರ್. ನಾನು ಫೋನನ್ನೇ ನೋಡಿದೆ. ಆಕಾರ ಗೇಟಿನ ಹತ್ತಿರ ಹೋಯಿತು. ಹಿಂದೆ ತಿರುಗಿತು. ಮುಖ ಬೊಟ್ಟಿನ ಸಮೇತ ಚೊಕ್ಕವಾಗಿ ಬಂತು.

ಜಯಮ್ಮ.

ಅವರಿಗೂ ಏಣಿಯ ಮೇಲೆ ನಾನು ಕಂಡೆ. 

“ಅಕ್ಕಾ,” ಅಂದರು, “ಕಾಣ್ತಿದೀನಾ?”

“ಕಿವಿಯೋಲೆ ಸಮೇತ ಕಾಣ್ತಿದೀರಿ.”

ಅವರು ಏಣಿಯ ಹತ್ತಿರ ಓಡಿಬಂದರು. “ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಮುಂಚಿನಂಗೇ ಕಪ್ಪಗೆ ಮಾಡ್ಬುಡಿ. ನಮ್ಮ ಓರಗಿತ್ತಿಗೆ ಮಂಡಿ ಆಪರೇಷನ್ ಆಗೈತೆ. ಮನೇಲಿ ಬೇಯಿಸೋರು ಯಾರೂ ಇಲ್ಲ. ನಮ್ಮ ಭಾವ ಫೋನಿನ ಆ್ಯಪಿನಲ್ಲಿ ಮುದ್ದೆ ತರಿಸ್ಕಂಡು ತಿಂತಿದ್ರು ಅಕ್ಕಾ! ಪ್ಲಾಸ್ಟಿಕ್ ಡಬ್ಬಿಯೊಳಗೆ ಮುದ್ದೆ! ಚೆಂಡಿನಂಗೆ ಪುಟೀತದೆ ಅದು. ನಂಗೆ ನೋಡಕ್ಕಾಗ್ಲಿಲ್ಲ.”

“ಅದಕ್ಕೇನಾ ನನಗೆ ಅಷ್ಟು ರೊಟ್ಟಿ ಹಾಕಿದ್ದು?”

ಜಯಮ್ಮ ತಲೆ ತಗ್ಗಿಸಿದರು. “ನೀವು ಇಷ್ಟಪಟ್ಟು ತಿಂದ್ರಲ್ಲಾ, ಅದಂತೂ ಸುಳ್ಳಲ್ಲ.”

ನನ್ನ ಕೆಲಸದಲ್ಲಿ ಬೆಳ್ಳಗೆ ಮಾಡಿ ಅಂದವರನ್ನೇ ನೋಡಿದ್ದೆ. ಕಪ್ಪಗೆ ಮಾಡಿ ಅಂದವರು ಇವರೊಬ್ಬರೇ. ಬೆರಳಲ್ಲಿ ಒಂದು ಸಲ ಒತ್ತಿದರೆ ಆಗಿಬಿಡುತ್ತಿತ್ತು. ಆ ಮುಖ ನೋಡಿ ಒತ್ತಿಬಿಡೋಣ ಅನ್ನಿಸಿತು ಕೂಡ. ಆದರೆ ಗೇಟಿನ ಪಕ್ಕದಲ್ಲಿ ಬೀರಪ್ಪ ನಿಂತಿದ್ದ.

“ಕಪ್ಪು ಮಾಡೋದು ಕಷ್ಟ ಅಲ್ಲ ಜಯಮ್ಮಾ. ಆದ್ರೆ ಕಳ್ಳ ಬೀರಪ್ಪ ಅಂತ ನಿಮ್ಮ ಯಜಮಾನರು ತೀರ್ಮಾನ ಮಾಡಿದಾರೆ. ಈ ವಾರ ಮುಗಿದ್ರೆ ಅವನು ಗಂಟು ಕಟ್ಬೇಕಂತೆ.”

ಜಯಮ್ಮ ಗಿರಕ್ಕನೆ ತಿರುಗಿದರು. “ಏನೋ ಬೀರಪ್ಪಾ? ನಂಗ್ಯಾಕೋ ಯೋಳ್ಲಿಲ್ಲ?”

“ಯಾರಿಗೂ ಹೇಳಬ್ಯಾಡ ಅಂದಿದ್ರಲ್ರೀ ಅವ್ವಾರ” ಅಂದ ಬೀರಪ್ಪ.

“ಅಯ್ಯೋ ಮಂಕೇ, ನಂಗೇ ಯೋಳ್ಬ್ಯಾಡ ಅಂದಿದ್ನಾ?”

ಅವರು ಟವೆಲ್ ತೆಗೆದು ಮುಖ ಒರೆಸಿಕೊಂಡರು. ಕ್ಯಾರಿಯರ್ ನೋಡಿದರು, ಬೀರಪ್ಪನನ್ನು ನೋಡಿದರು. ಕೂದಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. “ಅಕ್ಕಾ, ಇದ್ರಲ್ಲಿ ಮಾತೂ ಕೇಳ್ತದಾ?”

“ಕೇಳುತ್ತೆ.”

“ಎಲ್ಲಿ ನಿಂತ್ರೆ ಸಂದಾಗಿ ಕಾಣ್ತೀನಿ?”

ನಾನು ಚೌಕ ಎಳೆದಿದ್ದ ಜಾಗ ತೋರಿಸಿದೆ. ಅವರು ಅಲ್ಲಿ ಹೋಗಿ ಮದುವೆ ಫೋಟೋಗೆ ನಿಂತ ಹಾಗೆ ನಿಂತು, “ಅವ್ರಿಗೆ ಫೋನ್ ಮಾಡಿ” ಅಂದರು.  ಫೋನ್ ಮಾಡಿ, “ಸಾರ್, ಸರಿ ಆಯ್ತು. ನೋಡಿ” ಅಂದೆ.

ಜಯಮ್ಮ ಕ್ಯಾಮೆರಾ ಕಡೆ ಕ್ಯಾರಿಯರ್ ಎತ್ತಿ ಹಿಡಿದರು. “ರೀ, ನೋಡ್ತಿದೀರಾ? ನಾನೇ ಕಳ್ಳಿ. ಇದು ಊಟ, ಇದು ಕಾಯಿ. ಎರಡೂ ಓರಗಿತ್ತಿ ಅಕ್ಕನ ಮನೀಗೆ ಓಗ್ತಾ ಐತೆ. ಮಾವ ನೆಟ್ಟ ಮರದ ಕಾಯಿ, ನಿಮ್ಮೊಬ್ರಿಗೇ ನೆಟ್ಟಿದ್ರಾ? ಓಣಿ ವಿಷ್ಯ ನೀವಿಬ್ರೂ ನೋಡ್ಕಳಿ. ನಂಗೂ ಅಕ್ಕಂಗೂ ಓಣಿ ಬ್ಯಾಡ. ಬೀರಪ್ಪನ್ನ ಕಳ್ಸಂಗಿದ್ರೆ ನನ್ನೂ ಕಳ್ಸಿ, ಇಬ್ರೂ ಒಟ್ಟಿಗೇ ಗಂಟು ಕಟ್ತೀವಿ. ಅಷ್ಟೇಯ.”

 ಬೀರಪ್ಪ ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಮೆಟ್ಟಿಲ ಮೇಲೆ ಧಡಧಡ ಅಂತ ಹೆಜ್ಜೆ ಸದ್ದಾಯಿತು. ಮುನಿರಾಜಪ್ಪ ಪಂಚೆ ಬನೀನಿನಲ್ಲಿ, ಅರ್ಧ ವಿಭೂತಿ ಬಳಿದ ಹಣೆಯಲ್ಲಿ, ಕೈಯಲ್ಲಿ ಫೋನು ಹಿಡಿದು ಬಂದರು. ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅದು ನನ್ನ ಜರ್ಕಿನ್ನು.”

“ಉಂ. ಚಳಿ ಇತ್ತು.”

“ಕ್ಯಾರಿಯರಾಗೆ ಏನೈತೆ?”

“ಮುದ್ದೆ. ಬದನೆಕಾಯಿ ಗೊಜ್ಜು.”

ಮುನಿರಾಜಪ್ಪನವರ ಮುಖ ಕೆಂಪಾಯಿತು. ಈಗ ಕ್ಯಾರಿಯರ್ ಹಾರುತ್ತದೆ ಅಂದುಕೊಂಡು ನಾನು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಬದ್ನೇಕಾಯಿ!” ಅಂತ ಕೂಗಿದರು ಅವರು. “ನಮ್ಮಣ್ಣಂಗೆ ಬದ್ನೇಕಾಯಿ ಆಗಾಕಿಲ್ಲ ಕಣೇ! ಚಿಕ್ಕಂದಿನಿಂದ್ಲೂ ಅಷ್ಟೇ, ಒಂದು ಓಳು ತಿಂದ್ರೂ ಮೈಯೆಲ್ಲಾ ತುರಿಕೆ ಬತ್ತದೆ. ಎಷ್ಟು ದಿನ ಕಳಿಸ್ದೆ ಇದನ್ನ?”

“ಹಿತ್ತಿಲಲ್ಲಿ ಬಿಟ್ಟಿತ್ತಲ್ಲಾ,” ಅಂದರು ಜಯಮ್ಮ ಮೆಲ್ಲಗೆ, “ಹೆಚ್ಚು ಕಮ್ಮಿ ದಿನಾ.”

ಆ ಕೂಗಿಗೆ ಪಕ್ಕದ ಕಟ್ಟಡದ ಬಾಗಿಲು ತೆರೆದುಕೊಂಡಿತು. ಬಾಲ್ಕನಿಗೆ ನಾರಾಯಣಪ್ಪ ಬಂದು ನಿಂತರು. ಬನೀನು, ಲುಂಗಿ, ತಮ್ಮನದೇ ಅಚ್ಚಿನ ಮುಖ. ಬಲಗೈಯಿಂದ ಎಡಗೈಯನ್ನು ಮೊಣಕೈವರೆಗೂ ಪರಪರ ಕೆರೆದುಕೊಳ್ಳುತ್ತಿದ್ದರು. ಕತ್ತಿನ ಮೇಲೂ ಕೆಂಪಗೆ ದದ್ದು ಎದ್ದಿತ್ತು. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಿಕೊಂಡರು. 

“ಬೈಬ್ಯಾಡ ಬಿಡೋ ಮುನಿರಾಜಾ,” ಅಂದರು ನಾರಾಯಣಪ್ಪ, ಕೆರೆದುಕೊಳ್ಳುತ್ತಲೇ. “ನಿಮ್ಮನೇದು ಅಂತ ತಿಂದೆ. ಸಂದಾಗಿತ್ತು.”

ಮುನಿರಾಜಪ್ಪ ಫೋನನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿದರು. 

“ಸಂದಾಗಿತ್ತಂತೆ!” ಅಂತ ರೇಗಿದರು. “ಕತ್ತು ನೋಡ್ಕಂಡಿದೀಯಾ, ಎಂಗೆ ಊದೈತೆ? ಶರಟು ಆಕ್ಕಂಡು ಕೆಳೀಕಿಳಿ. ಡಾಕ್ಟ್ರತ್ರ ಓಗಾನ.”

ಬೀರಪ್ಪ ಓಡಿಹೋಗಿ ಗೇಟಿನ ಎರಡು ರೆಕ್ಕೆಯನ್ನೂ ಅಗಲವಾಗಿ ತೆರೆದ.